ಕಪ್ಪು ಮಹಿಳೆಯರು ಬಿಸಿನೆಸ್ ಸ್ಕೂಲ್‌ಗೆ ಹೋದರು, ಆಮೇಲೆ ಏನಾಯಿತು? ಬಿಬಿಎ ಪಾಠಕ್ಕೆ ಉದಾಹರಣೆ ಬೇಕು

ದಾವಣಗೆರೆ_ಕಾಮರ್ಸ್_ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯ ಒಂದು ಕಾಲೇಜಿನಲ್ಲಿ ಬಿಬಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಈ ಸೆಮಿಸ್ಟರ್‌ನಲ್ಲಿ ನಾಯಕತ್ವದ ಬಗ್ಗೆ ಒಂದು ಯೂನಿಟ್ ಇದೆ. ಕಂಪನಿ ನಡೆಸಿದ ಮಹಿಳೆಯರು ಯಾರು ಅಂತ ಕೇಳಿದರೆ ಮಕ್ಕಳು ಇಂದ್ರಾ ನೂಯಿ, ಕಿರಣ್ ಮಜುಂದಾರ್ ಷಾ ಹೆಸರು ಹೇಳಿ ಸುಮ್ಮನಾಗುತ್ತಾರೆ. ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರು. ಎಷ್ಟೋ ಜನ ತಮ್ಮ ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುತ್ತಿರುವವರು. ಗೆದ್ದವರ ಫೋಟೊ ತೋರಿಸಿ ಚಪ್ಪಾಳೆ ಹೊಡೆಸುವುದು ನನಗೆ ಬೇಡ. ಒಳಗೆ ಬಿಡದ ಜಾಗಕ್ಕೆ ಕೆಲವರು ಹೇಗೆ ಹೋದರು, ಹೋದ ಮೇಲೆ ಅವರಿಗೆ ಏನಾಯಿತು, ಅದನ್ನು ಓದಿಸಬೇಕು. ಅಮೆರಿಕದ ಕಪ್ಪು ಮಹಿಳೆಯರ ದಾರಿಗಿಂತ ಒಳ್ಳೆಯ ಪಾಠ ಇದಕ್ಕೆ ನನಗೆ ಕಾಣಲಿಲ್ಲ.

ಮೊದಲು ಆರಿಸಿಕೊಂಡಿರುವುದು ಲಿಲಿಯನ್ ಲಿಂಕನ್ ಲ್ಯಾಂಬರ್ಟ್ ಅವರನ್ನು. ವರ್ಜೀನಿಯಾದ ಬಾಲ್ಸ್‌ವಿಲ್ ಎಂಬ ಸಣ್ಣ ಊರಿನವರು. ಹೈಸ್ಕೂಲ್ ಮುಗಿಸಿ ನ್ಯೂಯಾರ್ಕ್‌ಗೆ ಹೋದರು, ಅಲ್ಲಿ ಮನೆಗೆಲಸವನ್ನೂ ಮಾಡಿದರು. ಕೆಲವು ವರ್ಷ ಬಿಟ್ಟು ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯ ಸೇರಿದರು (ಹಾರ್ವರ್ಡ್ ಅಲ್ಲ, ಕಪ್ಪು ವಿದ್ಯಾರ್ಥಿಗಳಿಗೆ ಹೆಸರಾದ ಬೇರೆ ವಿಶ್ವವಿದ್ಯಾಲಯ). ಅಲ್ಲಿ ಸಿಕ್ಕ ಮೇಷ್ಟ್ರು ನೇಲರ್ ಫಿಟ್ಜ್‌ಹ್ಯೂ. ಅವರು 1933ರಲ್ಲೇ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಎಂಬಿಎ ಮುಗಿಸಿದ್ದವರು. ಆದರೆ ಆ ಕಾಲದಲ್ಲಿ ಕಪ್ಪು ಮನುಷ್ಯನಿಗೆ ದೊಡ್ಡ ಕಂಪನಿಗಳಲ್ಲಿ ಅಂಥ ಕೆಲಸ ಕೊಡುವವರೇ ಇರಲಿಲ್ಲ. ಮೂರು ದಶಕ ಹೋವರ್ಡ್‌ನಲ್ಲಿ ಪಾಠ ಮಾಡಿದರು. 1965ರಲ್ಲಿ ಪೆಪ್ಸಿ ಕಂಪನಿಗೆ ಸೇರಿದರು. ಹಾರ್ವರ್ಡ್‌ಗೆ ಅರ್ಜಿ ಹಾಕು ಅಂತ ಲಿಲಿಯನ್‌ಗೆ ಹೇಳಿದ್ದು ಇದೇ ಮೇಷ್ಟ್ರು.

ಹಾರ್ವರ್ಡ್‌ನ ಎರಡು ವರ್ಷದ ಎಂಬಿಎಗೆ ಹೆಂಗಸರನ್ನು ನೇರವಾಗಿ ಸೇರಿಸಿಕೊಂಡದ್ದೇ 1963ರಿಂದ. ಲಿಲಿಯನ್ 1967ರಲ್ಲಿ ಸೇರಿದಾಗ ಅಲ್ಲಿ ಇದ್ದ ಕಪ್ಪು ಮಹಿಳೆ ಅವರೊಬ್ಬರೇ. ಅವರ ಬ್ಯಾಚ್‌ನಲ್ಲಿ ಕಪ್ಪು ಹುಡುಗರೂ ಬೆರಳೆಣಿಕೆಯಷ್ಟೇ. ಅವರೂ ಇನ್ನು ನಾಲ್ವರೂ ಸೇರಿ ಡೀನ್ ಹತ್ತಿರ ಹೋದರು, ಇನ್ನೂ ಹೆಚ್ಚು ಕಪ್ಪು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಿ ಅಂತ ಪಟ್ಟು ಹಿಡಿದರು. 1968ರಲ್ಲಿ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳ ಸಂಘ ಕಟ್ಟಿದರು. ಆ ಸಂಘ ಇವತ್ತಿಗೂ ನಡೆಯುತ್ತಿದೆ. ಅದರ ವಾರ್ಷಿಕ ಸಮ್ಮೇಳನಕ್ಕೆ ಫಿಟ್ಜ್‌ಹ್ಯೂ ಮೇಷ್ಟ್ರ ಹೆಸರಿಟ್ಟಿದ್ದಾರೆ. 1969ರಲ್ಲಿ ಲಿಲಿಯನ್ ಹಾರ್ವರ್ಡ್ ಎಂಬಿಎ ಪಡೆದ ಮೊದಲ ಕಪ್ಪು ಮಹಿಳೆಯಾದರು.

ಇಷ್ಟು ದೊಡ್ಡ ಡಿಗ್ರಿ ಇದ್ದವರನ್ನು ಕಂಪನಿಗಳು ತಾವಾಗಿಯೇ ಮೇಲೆ ಕೂರಿಸಬೇಕಿತ್ತು ಅಲ್ವಾ? ಹಾಗಾಗಲಿಲ್ಲ. ಹಲವು ಕಡೆ ಕೆಲಸ ಮಾಡಿ, 1976ರಲ್ಲಿ ತಮ್ಮ ಮನೆಯ ಗ್ಯಾರೇಜ್‌ನಲ್ಲಿ ಸೆಂಟೆನಿಯಲ್ ಒನ್ ಎಂಬ ಕಂಪನಿ ಶುರು ಮಾಡಿದರು. ಕಟ್ಟಡಗಳ ಸ್ವಚ್ಛತೆ ಮತ್ತು ನಿರ್ವಹಣೆಯ ಕೆಲಸ. ಅದು 1,200ಕ್ಕೂ ಹೆಚ್ಚು ನೌಕರರ, 2 ಕೋಟಿ ಡಾಲರ್ ವಹಿವಾಟಿನ ಕಂಪನಿಯಾಯಿತು. 2001ರಲ್ಲಿ ಅದನ್ನು ಮಾರಿದರು. 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ತನ್ನ ಹಳೆಯ ವಿದ್ಯಾರ್ಥಿಗಳಿಗೆ ಕೊಡುವ ಸಾಧನೆಯ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಓದು ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರನ್ನು ಮುಂದೆ ತಂದದ್ದು ಒಬ್ಬ ಮೇಷ್ಟ್ರ ನಂಬಿಕೆ, ತಾವೇ ಕಟ್ಟಿದ ಸಂಘ, ತಾವೇ ಕಟ್ಟಿದ ಕಂಪನಿ. ಈಗ ಎಲ್ಲ ಕಡೆ ನಡೆಯುವ ಮಹಿಳಾ ನಾಯಕತ್ವ ತರಬೇತಿಗಳಲ್ಲಿ ಪಾಠ ಮಾತ್ರ ಉಳಿದಿದೆ, ಉಳಿದದ್ದೆಲ್ಲ ಬಿಟ್ಟುಹೋಗಿದೆ ಅನ್ನಿಸುತ್ತದೆ. ನೀವೇನಂತೀರಿ? ಇನ್ನು ಯಾರ ಕಥೆ ಸೇರಿಸಲಿ?


ನ್ಯೂಜೆರ್ಸಿ_ಕನ್ನಡತಿ

ಮೇಡಂ, ಉರ್ಸುಲಾ ಬರ್ನ್ಸ್ ಅವರನ್ನು ಖಂಡಿತ ಸೇರಿಸಿ. ತಾಯಿ ಪನಾಮಾದಿಂದ ಬಂದವರು, ಒಬ್ಬರೇ ದುಡಿದು ಮಕ್ಕಳನ್ನು ಸಾಕಿದರು. ಮ್ಯಾನ್‌ಹ್ಯಾಟನ್‌ನ ಲೋವರ್ ಈಸ್ಟ್ ಸೈಡ್‌ನಲ್ಲಿ ಬಡವರಿಗೆಂದು ಸರ್ಕಾರ ಕಟ್ಟಿಸಿದ ಮನೆಗಳಲ್ಲಿ ಬೆಳೆದರು. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಎಂಬಿಎ ಅಲ್ಲ. 1980ರಲ್ಲಿ ಜೆರಾಕ್ಸ್ ಕಂಪನಿಗೆ ಬೇಸಿಗೆ ರಜೆಯ ಇಂಟರ್ನ್ ಆಗಿ ಸೇರಿದವರು 2009ರಲ್ಲಿ ಅದೇ ಕಂಪನಿಯ ಸಿಇಒ ಆದರು. ಫಾರ್ಚೂನ್ 500, ಅಂದರೆ ಅಮೆರಿಕದ 500 ದೊಡ್ಡ ಕಂಪನಿಗಳ ಪಟ್ಟಿಯಲ್ಲಿರುವ ಕಂಪನಿಯೊಂದರ ಚುಕ್ಕಾಣಿ ಹಿಡಿದ ಮೊದಲ ಕಪ್ಪು ಮಹಿಳೆ. ಅವರಿಗಿಂತ ಮೊದಲು ಸಿಇಒ ಆಗಿದ್ದ ಆನ್ ಮಲ್ಕಾಹಿ ಕೂಡ ಮಹಿಳೆ. ಆ ಪಟ್ಟಿಯ ಕಂಪನಿಯಲ್ಲಿ ಒಬ್ಬ ಮಹಿಳೆಯ ಕೈಯಿಂದ ಇನ್ನೊಬ್ಬ ಮಹಿಳೆಗೆ ಅಧಿಕಾರ ಹೋದದ್ದು ಅದೇ ಮೊದಲು.

ಮಕ್ಕಳಿಗೆ ಓದಿಸಬೇಕಾದದ್ದು ಮಧ್ಯದ ಭಾಗ. 1989ರಲ್ಲಿ ಕಂಪನಿಯ ಒಂದು ಸಭೆ. ಕಪ್ಪು ಜನರನ್ನು, ಹೆಂಗಸರನ್ನು ಸೇರಿಸಿಕೊಳ್ಳುವುದರಿಂದ ಕೆಲಸದ ಗುಣಮಟ್ಟ ಇಳಿಯುವುದಿಲ್ಲವೇ ಅಂತ ಯಾರೋ ಕೇಳಿದರು. ವೇಲ್ಯಾಂಡ್ ಹಿಕ್ಸ್ ಎಂಬ ಹಿರಿಯ ಅಧಿಕಾರಿ ತಾಳ್ಮೆಯಿಂದ ಉತ್ತರ ಕೊಟ್ಟರು. ಬರ್ನ್ಸ್‌ಗೆ ಸಿಟ್ಟು ಬಂತು. ಇಂಥ ಪ್ರಶ್ನೆಗೆ ಇಷ್ಟು ಮರ್ಯಾದೆ ಯಾಕೆ ಕೊಟ್ಟಿರಿ ಅಂತ ಎಲ್ಲರ ಮುಂದೆ ಕೇಳಿಬಿಟ್ಟರು. ಆಮೇಲೆ ಹಿಕ್ಸ್ ಬರ್ನ್ಸ್ ಅವರನ್ನು ಕರೆದು ಮಾತಾಡಿದರು. ಆಗಾಗ ಭೇಟಿ ಶುರುವಾಯಿತು. 1990ರಲ್ಲಿ ತಮ್ಮ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಆಗಿ ತೆಗೆದುಕೊಂಡರು. ಮರುವರ್ಷ ಆಗಿನ ಸಿಇಒ ಪಾಲ್ ಅಲೇರ್ ತಮ್ಮ ಕಚೇರಿಗೆ ಕರೆದುಕೊಂಡರು. ಕಂಪನಿಯ ದೊಡ್ಡ ನಿರ್ಧಾರಗಳು ಹೇಗೆ ಆಗುತ್ತವೆ ಅಂತ ಆ ಕೋಣೆಗಳಲ್ಲಿ ಕೂತು ಕಲಿತರು. ಅಂಥ ಪಾಠ ಯಾವ ಕೋರ್ಸ್‌ನಲ್ಲೂ ಸಿಗುವುದಿಲ್ಲ.

ಕೋರ್ಸ್ ಅಂದದ್ದಕ್ಕೆ ಇನ್ನೊಂದು ಮಾತು. ನಮ್ಮ ಕಂಪನಿಯವರು ಮಹಿಳೆಯರ ಒಂದು ಎಕ್ಸಿಕ್ಯುಟಿವ್ ತರಬೇತಿಗೆ ನನ್ನನ್ನೂ ಕಳಿಸಿದ್ದರು. ಮೀಟಿಂಗ್‌ನಲ್ಲಿ ಧ್ವನಿ ಎತ್ತಿ, ಹಿಂಜರಿಯಬೇಡಿ ಅಂತ ಪಾಠ. ನನ್ನಂಥವಳಿಗೆ ಅದು ಬೇಕಿತ್ತು ಅನ್ನಿ. ಪಕ್ಕದಲ್ಲಿ ಕೂತಿದ್ದ ಕಪ್ಪು ಸಹೋದ್ಯೋಗಿ ಕೈ ಎತ್ತಿದಳು. ಧ್ವನಿ ಎತ್ತಿದ್ದಕ್ಕೇ ನನ್ನ ರಿವ್ಯೂನಲ್ಲಿ ಸಿಡುಕಿ ಅಂತ ಬರೆದಿದ್ದಾರೆ, ನಾನೇನು ಮಾಡಲಿ ಅಂತ ಕೇಳಿದಳು. ತರಬೇತಿ ಕೊಡುವವರ ಹತ್ತಿರ ಉತ್ತರ ಇರಲಿಲ್ಲ. ಆ ಪಾಠವನ್ನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು ಅನ್ನುವುದು ಆಗ ಗೊತ್ತಾಯಿತು.


ಅಂತಿಮ_ವರ್ಷ_ಎಂಕಾಂ

ಒಂದು ಪ್ರಶ್ನೆ. ಮೇಲಿನವರು ಒಬ್ಬರು ಕೈ ಹಿಡಿದು ಕರೆದುಕೊಂಡು ಹೋಗುವುದು ಅಂದರೆ ನಮ್ಮಲ್ಲಿ ವಶೀಲಿ ಅಂತಾರಲ್ಲ ಅದೇ ಅಲ್ವಾ? ನಾವೆಲ್ಲ ಅದನ್ನೇ ಬೈಯುವುದು.


ನ್ಯೂಜೆರ್ಸಿ_ಕನ್ನಡತಿ

ಪ್ರಶ್ನೆ ಸರಿಯಾಗಿದೆ. ಆದರೆ ಬರ್ನ್ಸ್ ಹಿಕ್ಸ್‌ಗೆ ನೆಂಟರಲ್ಲ, ಒಂದೇ ಕಾಲೇಜಿನವರೂ ಅಲ್ಲ. ಅವರು ಕೆಲಸ ಮಾಡಿ ತೋರಿಸಿ ಹತ್ತು ವರ್ಷ ಆಗಿತ್ತು. ಕೆಲಸ ಗೊತ್ತಿದ್ದವರನ್ನು ನೋಡಿ, ಇವರಿಗೆ ದೊಡ್ಡ ಜವಾಬ್ದಾರಿ ಕೊಡಿ ಅಂತ ಹೇಳುವವರು ಒಬ್ಬರು ಬೇಕು. ಬಿಳಿ ಗಂಡಸರಿಗೆ ಅದು ಗಾಲ್ಫ್ ಆಡುವಾಗ, ಊಟಕ್ಕೆ ಹೋದಾಗ ತಾನಾಗಿಯೇ ಸಿಗುತ್ತದೆ. ಅದನ್ನು ಯಾರೂ ವಶೀಲಿ ಅನ್ನುವುದಿಲ್ಲ. ಕಪ್ಪು ಮಹಿಳೆಯರಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಬಡ್ತಿ ತೀರ್ಮಾನವಾಗುವ ಕೋಣೆಯಲ್ಲಿ ಅವರ ಹೆಸರು ಹೇಳುವವರು ಸಿಗುವುದಿಲ್ಲ.


ಮೈಸೂರು_ಸಂಶೋಧಕ

ನಮಸ್ಕಾರ. ನಾನು ಕಾರ್ಮಿಕ ಕಾನೂನು ಓದುವವನು. ಪಾಠಕ್ಕೆ ಒಂದು ಕೇಸ್ ಕೊಡುತ್ತೇನೆ, ಬಿಸಿನೆಸ್ ಕೇಸ್ ಅಲ್ಲ, ಕೋರ್ಟ್ ಕೇಸ್.

ಸೇಂಟ್ ಲೂಯಿಸ್‌ನ ಐವರು ಕಪ್ಪು ಮಹಿಳೆಯರು ಜನರಲ್ ಮೋಟರ್ಸ್ ಮೇಲೆ ದಾವೆ ಹೂಡಿದ್ದರು. 1964ಕ್ಕೆ ಮೊದಲು ಆ ಕಂಪನಿ ಕಪ್ಪು ಮಹಿಳೆಯರನ್ನು ಸೇರಿಸಿಕೊಂಡಿರಲಿಲ್ಲ. ಆಮೇಲೆ ಆರ್ಥಿಕ ಹಿಂಜರಿತ ಬಂದಾಗ, ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ನಿಯಮ ಹಾಕಿದರು. 1970ರ ನಂತರ ಸೇರಿದ ಕಪ್ಪು ಮಹಿಳೆಯರೆಲ್ಲ ಕೆಲಸ ಕಳೆದುಕೊಂಡರು. 1976ರಲ್ಲಿ ಫೆಡರಲ್ ಕೋರ್ಟ್ ಹೇಳಿದ್ದು ಇಷ್ಟು: ಕಂಪನಿ ಮಹಿಳೆಯರನ್ನು ಸೇರಿಸಿಕೊಂಡಿದೆ, ಆದ್ದರಿಂದ ಲಿಂಗ ತಾರತಮ್ಯ ಇಲ್ಲ. ಜನಾಂಗದ ದೂರನ್ನು ಬೇರೆ ಕೇಸ್ ಜೊತೆ ಸೇರಿಸಿ. ಎರಡನ್ನೂ ಕೂಡಿಸಿ ಹೊಸದೊಂದು ಹಕ್ಕು ಕೇಳುವಂತಿಲ್ಲ. ಆ ಕಂಪನಿಯ ಆಫೀಸಿನಲ್ಲಿದ್ದ ಹೆಂಗಸರು ಬಿಳಿಯರು, ಕಾರ್ಖಾನೆಯಲ್ಲಿದ್ದ ಕಪ್ಪು ಜನ ಗಂಡಸರು. ಈ ಐವರ ದೂರು ಕೋರ್ಟಿನ ಯಾವ ಲೆಕ್ಕಕ್ಕೂ ಸಿಗಲಿಲ್ಲ. 1989ರಲ್ಲಿ ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಶಾ ಇದೇ ತೀರ್ಪನ್ನು ಎತ್ತಿಕೊಂಡು ಬರೆದರು. ಕಪ್ಪುತನ ಮತ್ತು ಹೆಣ್ತನದ ಎರಡು ಹೊರೆ ಒಂದೇ ಹೆಗಲ ಮೇಲೆ ಬಿದ್ದಾಗ ಕಾನೂನಿಗೆ ಅದು ಕಾಣುವುದೇ ಇಲ್ಲ ಅನ್ನುವುದು ಅವರ ವಾದ.

ನ್ಯೂಜೆರ್ಸಿಯ ಮೇಡಂ ಹೇಳಿದ ತರಬೇತಿಯ ಕಥೆಗೆ ಇನ್ನೊಂದು ಮುಖವೂ ಇದೆ. ರಾಬರ್ಟ್ ಲಿವಿಂಗ್‌ಸ್ಟನ್, ಆಶ್ಲೀ ರೊಸೆಟ್ ಮತ್ತು ಎಲ್ಲಾ ವಾಷಿಂಗ್ಟನ್ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಯಕಿಯಾಗಿ ಗಟ್ಟಿ ಧೋರಣೆ ತೋರಿಸಿದಾಗ ಬಿಳಿ ಮಹಿಳೆಯರ ಬಗ್ಗೆ ಜನರ ಅಭಿಪ್ರಾಯ ಕೆಡುತ್ತದೆ, ಕಪ್ಪು ಮಹಿಳೆಯರ ವಿಷಯದಲ್ಲಿ ಆ ಪ್ರಯೋಗದಲ್ಲಿ ಹಾಗೆ ಕಾಣಲಿಲ್ಲ. ಇದನ್ನು ನೋಡಿ ಖುಷಿಪಡುವಷ್ಟರಲ್ಲಿ ಅದೇ ವರ್ಷ ರೊಸೆಟ್ ಮತ್ತು ಲಿವಿಂಗ್‌ಸ್ಟನ್ ಮಾಡಿದ ಇನ್ನೊಂದು ಅಧ್ಯಯನ ಸಿಗುತ್ತದೆ. ಕಂಪನಿ ಸೋತಾಗ ಕಪ್ಪು ಮಹಿಳೆಯನ್ನು ಜನ ಎಲ್ಲರಿಗಿಂತ ಕಠಿಣವಾಗಿ ಅಳೆಯುತ್ತಾರೆ. ಬಿಳಿ ಮಹಿಳೆಗಿಂತಲೂ, ಕಪ್ಪು ಗಂಡಸಿಗಿಂತಲೂ ಕಠಿಣವಾಗಿ. ಹಾಗಾಗಿ ಧ್ವನಿ ಎತ್ತುವುದನ್ನು ಕಲಿಸುವ ಕೋರ್ಸ್ ಅವರ ದೊಡ್ಡ ಕಷ್ಟವನ್ನು ಮುಟ್ಟುವುದೇ ಇಲ್ಲ. ಒಂದು ಸಲ ಸೋತರೂ ಎರಡನೇ ಅವಕಾಶ ಸಿಗುವ ಹಾಗೆ ಮಾಡುವುದು ಕೋರ್ಸ್‌ನ ಕೈಯಲ್ಲಿಲ್ಲ, ಕಂಪನಿಯ ಮಂಡಳಿಯ ಕೈಯಲ್ಲಿದೆ.

ಹಾರ್ವರ್ಡ್ ಬಗ್ಗೆಯೂ ಒಂದು ಲೆಕ್ಕ ಇದೆ. 1977ರಿಂದ 2015ರವರೆಗೆ ಅಲ್ಲಿ ಎಂಬಿಎ ಮಾಡಿದ 532 ಕಪ್ಪು ಮಹಿಳೆಯರ ವೃತ್ತಿಜೀವನವನ್ನು ಸಂಶೋಧಕರು ನೋಡಿದರು. ಅಧ್ಯಕ್ಷೆ, ಸಿಇಒ ಅಥವಾ ಅಂಥದ್ದೇ ಉನ್ನತ ಹುದ್ದೆಗೆ ಏರಿದವರು 67 ಜನ. ಆ 67 ಜನರಲ್ಲಿ ಕೆಲವರನ್ನು ಕೂರಿಸಿ ಮಾತಾಡಿಸಿದಾಗ ಅವರ ಕಥೆಗಳಲ್ಲಿ ಮತ್ತೆ ಮತ್ತೆ ಬಂದದ್ದು ಇದು: ಶುರುವಿನಲ್ಲೇ ಯಾರೋ ಅವರ ಶಕ್ತಿ ಗುರುತಿಸಿ, ಆ ಶಕ್ತಿ ಕಾಣುವಂಥ ಕೆಲಸ ಕೊಟ್ಟಿದ್ದರು. ಕಾಮರ್ಸ್ ಮೇಡಂ, ನೀವು ಫಿಟ್ಜ್‌ಹ್ಯೂ ಮೇಷ್ಟ್ರ ಬಗ್ಗೆ ಹೇಳಿದ್ದೂ ಅದನ್ನೇ.


ಉಡುಪಿ_ನಿವೃತ್ತ_ಬ್ಯಾಂಕರ್

ಎಲ್ಲರೂ 1960ರ ನಂತರದ್ದೇ ಹೇಳುತ್ತಿದ್ದೀರಿ. ಬ್ಯಾಂಕ್ ಕಟ್ಟಿದ ಮ್ಯಾಗಿ ಲೀನಾ ವಾಕರ್ ಅವರನ್ನು ಮರೆಯಬಾರದು.

ವರ್ಜೀನಿಯಾದ ರಿಚ್ಮಂಡ್‌ನವರು. ತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದವರು, ಬೇರೆಯವರ ಬಟ್ಟೆ ಒಗೆದು ಮನೆ ನಡೆಸಿದರು. ಮ್ಯಾಗಿ ಬಟ್ಟೆಗಂಟು ಹೊತ್ತುಕೊಂಡು ಮನೆಮನೆಗೆ ತಲುಪಿಸುತ್ತ ಬೆಳೆದ ಹುಡುಗಿ. ಸೇಂಟ್ ಲ್ಯೂಕ್ ಎಂಬ ಕಪ್ಪು ಜನರ ಪರಸ್ಪರ ಸಹಾಯ ಸಂಘ ಇತ್ತು. ಕಾಯಿಲೆ ಬಿದ್ದವರಿಗೆ, ಸತ್ತವರ ಮನೆಗೆ ಹಣ ಕೊಡುವ ಸಂಘ. 1899ರಲ್ಲಿ ಅದರ ಹೊಣೆ ಇವರಿಗೆ ಬಂದಾಗ ತಿಜೋರಿಯಲ್ಲಿ ಇದ್ದದ್ದು 31 ಡಾಲರ್ 61 ಸೆಂಟ್, ಜೊತೆಗೆ ಸಾಲ. ನಾಲ್ಕೇ ವರ್ಷದಲ್ಲಿ, 1903ರಲ್ಲಿ, ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ತೆರೆದರು. ಅಮೆರಿಕದಲ್ಲಿ ಬ್ಯಾಂಕಿನ ಸನ್ನದು ಪಡೆದ ಮೊದಲ ಕಪ್ಪು ಮಹಿಳೆ. ಮೊದಲ ದಿನವೇ 9,000 ಡಾಲರ್‌ಗಿಂತ ಜಾಸ್ತಿ ಠೇವಣಿ ಬಂತು. ಬಟ್ಟೆ ಒಗೆಯುವವರು, ಅಡುಗೆಯವರು, ಕೂಲಿಯವರು ಪುಡಿಗಾಸು ತಂದು ಕಟ್ಟಿದರು.

ಬ್ಯಾಂಕ್ ನೌಕರನಾಗಿ ನನಗೆ ಬಹಳ ಹಿಡಿಸಿದ ವಿಷಯ ಏನು ಗೊತ್ತಾ? ಬ್ಯಾಂಕ್ ತೆರೆಯುವ ಮೊದಲು ಅವರು ಊರಿನ ಬಿಳಿಯರ ಬ್ಯಾಂಕ್ ಒಂದರಲ್ಲಿ ದಿನಕ್ಕೆ ಕೆಲವು ಗಂಟೆ ಕೂತು ಲೆಡ್ಜರ್, ಕ್ಯಾಶ್, ಸಾಲ ಹೇಗೆ ನಡೆಯುತ್ತದೆ ಅಂತ ನೋಡಿ ಕಲಿತರು. ಅವರ ಎಕ್ಸಿಕ್ಯುಟಿವ್ ಎಜುಕೇಷನ್ ಅಷ್ಟೇ. ಕಲಿತದ್ದನ್ನು ಮಾರನೇ ತಿಂಗಳೇ ಹಾಕಲು ಅವರದೇ ಸಂಸ್ಥೆ, ಅವರದೇ ಜನ ಇದ್ದರು. ಅದಕ್ಕೇ ಆ ಕಲಿಕೆ ಫಲ ಕೊಟ್ಟಿತು.

ನಮ್ಮ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಶುರು ಮಾಡಿ, ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿದ್ದನ್ನು ಹತ್ತಿರದಿಂದ ಕಂಡ ಮನೆತನ ನಮ್ಮದು. ಸಣ್ಣ ಹಣಕ್ಕೆ ಎಷ್ಟು ಬಲ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಮ್ಯಾಗಿ ವಾಕರ್ ಅದನ್ನು 25 ವರ್ಷ ಮೊದಲೇ ಮಾಡಿದ್ದರು, ಅದೂ ಕಪ್ಪು ಜನರಿಗೆ ಟ್ರಾಮ್‌ನಲ್ಲಿ ಸರಿಯಾಗಿ ಕೂರಲೂ ಬಿಡದ ಊರಿನಲ್ಲಿ. 1930ರ ಹೊತ್ತಿಗೆ ಮಹಾ ಆರ್ಥಿಕ ಕುಸಿತದಲ್ಲಿ ಬ್ಯಾಂಕುಗಳು ಸಾಲಾಗಿ ಮುಚ್ಚುತ್ತಿದ್ದಾಗ, ಊರಿನ ಬೇರೆ ಕಪ್ಪು ಬ್ಯಾಂಕುಗಳ ಜೊತೆ ವಿಲೀನ ಮಾಡಿ ಉಳಿಸಿಕೊಂಡರು. ಆಗ ಅವರು ಗಾಲಿಕುರ್ಚಿಯಲ್ಲಿದ್ದರು, ಹೊಸ ಬ್ಯಾಂಕಿನ ಮಂಡಳಿಯ ಅಧ್ಯಕ್ಷೆಯೂ ಅವರೇ. 1934ರಲ್ಲಿ ತೀರಿಕೊಂಡರು. ಅವರ ಮನೆ ಈಗ ರಾಷ್ಟ್ರೀಯ ಸ್ಮಾರಕ.


ಹುಬ್ಬಳ್ಳಿ_ಗಾರ್ಮೆಂಟ್_ಯುನಿಟ್

ನೋಡ್ರಿ, ನಾನು 40 ಮಷಿನ್‌ಗಳ ಹೊಲಿಗೆ ಯುನಿಟ್ ನಡೆಸುವವಳು. ನನಗೆ ಇನ್ನೊಬ್ಬ ವಾಕರ್ ಬಗ್ಗೆ ಹೇಳಬೇಕು, ಮೇಡಂ ಸಿ.ಜೆ. ವಾಕರ್. ಹುಟ್ಟುಹೆಸರು ಸಾರಾ ಬ್ರೀಡ್‌ಲವ್, 1867ರಲ್ಲಿ ಲೂಯಿಸಿಯಾನದ ಡೆಲ್ಟಾದಲ್ಲಿ ಹುಟ್ಟಿದರು. ಏಳಕ್ಕೆ ತಬ್ಬಲಿ, ಹದಿನಾಲ್ಕಕ್ಕೆ ಮದುವೆ, ಇಪ್ಪತ್ತಕ್ಕೆ ವಿಧವೆ, ಕೈಯಲ್ಲಿ ಒಂದು ಮಗು. ಬಟ್ಟೆ ಒಗೆದು ಬದುಕಿದರು. ಆಮೇಲೆ ಕಪ್ಪು ಹೆಂಗಸರ ಕೂದಲಿಗೆ ಬೇಕಾದ ಸಾಮಾನು ತಯಾರಿಸಿ ಮಾರುವ ದೊಡ್ಡ ಕಂಪನಿ ಕಟ್ಟಿದರು. ಇದು ಎಲ್ಲರಿಗೂ ಗೊತ್ತಿರುವ ಭಾಗ.

ಜಾಸ್ತಿ ಜನ ಹೇಳದ ಭಾಗ ಅವರ ಶಾಲೆ. 1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಗಳ ಹೆಸರಿನಲ್ಲಿ ಲೀಲಿಯಾ ಕಾಲೇಜ್ ತೆರೆದರು. ಕೂದಲಿನ ಆರೈಕೆಯ ಜೊತೆ ವ್ಯಾಪಾರ ಮಾಡುವುದನ್ನೂ ಅಲ್ಲಿ ಕಲಿಸುತ್ತಿದ್ದರು. ಕಲಿತು ಹೊರಗೆ ಬಂದವಳ ಕೈಯಲ್ಲಿ ಮಾರಲು ಸಾಮಾನು ಇರುತ್ತಿತ್ತು, ಅವಳಿಗೆ ಗಿರಾಕಿಗಳು ಇರುತ್ತಿದ್ದರು. ಮನೆಗೆಲಸ ಬಿಟ್ಟರೆ ಬೇರೆ ದಾರಿ ಇಲ್ಲದಿದ್ದ ಹೆಂಗಸರಿಗೆ ಅದು ಎಂಥ ಬದಲಾವಣೆ ಅಂತ ಯೋಚನೆ ಮಾಡಿ. 1917ರಲ್ಲಿ ಫಿಲಡೆಲ್ಫಿಯಾದಲ್ಲಿ ತಮ್ಮ ಏಜೆಂಟರ ಸಮಾವೇಶ ಮಾಡಿದರು. ಜಾಸ್ತಿ ಮಾರಿದವರಿಗೆ ಬಹುಮಾನ ಕೊಟ್ಟರು, ಜಾಸ್ತಿ ದಾನ ಮಾಡಿದವರಿಗೂ ಕೊಟ್ಟರು. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದನ್ನು ನಿಲ್ಲಿಸಿ ಅಂತ ಅದೇ ಸಮಾವೇಶದಿಂದ ಅಧ್ಯಕ್ಷ ವಿಲ್ಸನ್‌ಗೆ ತಂತಿ ಹೋಯಿತು.

1912ರ ಶಿಕಾಗೋ ಸಭೆ ಕೂಡ ಓದಿಸಿ. ಕಪ್ಪು ವ್ಯಾಪಾರಿಗಳ ರಾಷ್ಟ್ರೀಯ ಸಂಘದ ಸಭೆ, ಬುಕರ್ ಟಿ. ವಾಷಿಂಗ್ಟನ್ ಅಧ್ಯಕ್ಷತೆ. ಇವರಿಗೆ ಮಾತಾಡಲು ಅವಕಾಶ ಕೊಡಲಿಲ್ಲ. ಕೊನೆಗೆ ತಾವೇ ಎದ್ದು ನಿಂತರು. ಹತ್ತಿಯ ಹೊಲದಿಂದ ಬಟ್ಟೆ ಒಗೆಯುವ ತೊಟ್ಟಿಗೆ, ಅಲ್ಲಿಂದ ಅಡುಗೆಮನೆಗೆ ನನಗೆ ಬಡ್ತಿ ಸಿಕ್ಕಿತು, ಅಲ್ಲಿಂದ ಮುಂದಕ್ಕೆ ನನಗೆ ನಾನೇ ಬಡ್ತಿ ಕೊಟ್ಟುಕೊಂಡೆ ಅಂತ ಹೇಳಿದರು. ನನ್ನ ಸ್ವಂತ ಜಾಗದಲ್ಲಿ ನನ್ನ ಸ್ವಂತ ಕಾರ್ಖಾನೆ ಕಟ್ಟಿದ್ದೇನೆ ಅಂದರು. ಮರುವರ್ಷ ಅದೇ ಸಂಘ ಅವರನ್ನು ಭಾಷಣಕ್ಕೆ ಕರೆಯಿತು. ತಡೆದವರು ಬಿಳಿಯರಲ್ಲ, ತಮ್ಮವರೇ ಗಂಡಸರು. ಮೈಸೂರು ಸರ್ ಹೇಳಿದ ಎರಡು ಹೊರೆ ಇಲ್ಲೂ ಕಾಣುತ್ತದೆ.

ನನ್ನ ಅನುಭವದ ಮಾತು: ನಮಗೆ ಪಾಠ ಬೇಕು, ಅದರ ಜೊತೆ ದುಡಿಯುವ ಬಂಡವಾಳ ಬೇಕು, ಮೊದಲ ದೊಡ್ಡ ಆರ್ಡರ್ ಬೇಕು. ಪಾಠ ಮಾತ್ರ ಕೊಟ್ಟು ಸರ್ಟಿಫಿಕೇಟ್ ಕೈಗಿಟ್ಟು ಕಳಿಸಿದರೆ ಮಷಿನ್ ತಿರುಗುವುದಿಲ್ಲ.


ವೈಟ್‌ಫೀಲ್ಡ್_ಎಚ್ಆರ್

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ತರಬೇತಿ ಅಂದರೆ ಸುಮ್ನೆ ಅನ್ನುವ ಹಾಗೆ ಮಾತು ಹೋಗುತ್ತಿದೆ. ನನ್ನ ಕೆಲಸವೇ ಇದು, ಅದಕ್ಕೆ ಬೇಜಾರಾಗುತ್ತದೆ.

ರೊಸಲಿಂಡ್ ಬ್ರೂವರ್ ಅವರನ್ನು ನೋಡಿ. ಡೆಟ್ರಾಯಿಟ್‌ನವರು. ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದರು. ಅದು ಕಪ್ಪು ಮಹಿಳೆಯರಿಗಾಗಿಯೇ ಇರುವ ಹಳೆಯ ಕಾಲೇಜು. ಕಿಂಬರ್ಲಿ ಕ್ಲಾರ್ಕ್ ಕಂಪನಿಯಲ್ಲಿ ಪ್ರಯೋಗಾಲಯದಿಂದ ಶುರು ಮಾಡಿ 22 ವರ್ಷ ದುಡಿದರು. ವಿಜ್ಞಾನ ಓದಿದವರು ವ್ಯಾಪಾರದ ಕಡೆ ಬರಬೇಕಾದರೆ ಲೆಕ್ಕಪತ್ರ, ಮಾರುಕಟ್ಟೆ, ಮಂಡಳಿಯ ಕೆಲಸ ಎಲ್ಲ ಎಲ್ಲಿ ಕಲಿಯಬೇಕು? ಅವರು ವಾರ್ಟನ್ ಬಿಸಿನೆಸ್ ಸ್ಕೂಲ್‌ನ ಅಡ್ವಾನ್ಸ್ಡ್ ಮ್ಯಾನೇಜ್‌ಮೆಂಟ್ ಕಾರ್ಯಕ್ರಮ ಮಾಡಿದರು. 2012ರಲ್ಲಿ ಸ್ಯಾಮ್ಸ್ ಕ್ಲಬ್‌ನ ಮುಖ್ಯಸ್ಥೆ, 2017ರಲ್ಲಿ ಸ್ಟಾರ್‌ಬಕ್ಸ್‌ನ ಸಿಒಒ, 2021ರಲ್ಲಿ ವಾಲ್‌ಗ್ರೀನ್ಸ್ ಸಿಇಒ. 2023ರಲ್ಲಿ ಅಲ್ಲಿಂದ ಇಳಿದರು. ನಿವೃತ್ತಿ ಹಣ ನೋಡಿಕೊಳ್ಳುವ ಟಿಐಎಎ ಸಂಸ್ಥೆಯ ಸಿಇಒ ತಸುಂಡಾ ಬ್ರೌನ್ ಡಕೆಟ್ ಕೂಡ ಇನ್‌ರೋಡ್ಸ್ ಎಂಬ ಇಂಟರ್ನ್‌ಶಿಪ್ ಕಾರ್ಯಕ್ರಮದಿಂದ ಬಂದವರು, ಆಮೇಲೆ ಬೇಲರ್‌ನಲ್ಲಿ ಎಂಬಿಎ ಮಾಡಿದರು. ಕಲಿಕೆ ಇಲ್ಲದೆ ಇದೆಲ್ಲ ಆಗುತ್ತಿತ್ತಾ?

ಒಂದನ್ನು ಮಾತ್ರ ಒಪ್ಪುತ್ತೇನೆ. ನಾವು ತರಬೇತಿಯನ್ನು ತಪ್ಪು ಮೆಟ್ಟಿಲಲ್ಲಿ ಕೊಡುತ್ತಿದ್ದೇವೆ. ಸಲಹಾ ಕಂಪನಿ ಮೆಕಿನ್ಸಿ ಮತ್ತು ಮಹಿಳೆಯರ ಪರ ಕೆಲಸ ಮಾಡುವ ಲೀನ್‌ಇನ್ ಸಂಸ್ಥೆ ಸೇರಿ ಮಾಡುವ ವಾರ್ಷಿಕ ವರದಿಯ 2023ರ ಅಂಕಿ ಹೀಗಿದೆ: ಮೊದಲ ಸಲ ಮ್ಯಾನೇಜರ್ ಹುದ್ದೆಗೆ 100 ಗಂಡಸರಿಗೆ ಬಡ್ತಿ ಸಿಕ್ಕರೆ ಮಹಿಳೆಯರಲ್ಲಿ 87 ಜನರಿಗೆ, ಕಪ್ಪು ಮಹಿಳೆಯರಲ್ಲಿ 54 ಜನರಿಗೆ. ಎಲ್ಲ ಎಕ್ಸಿಕ್ಯುಟಿವ್ ಕೋರ್ಸ್‌ಗಳೂ ಈ ಮೆಟ್ಟಿಲು ದಾಟಿದವರಿಗೆ. ದಾಟದೆ ಕೆಳಗೇ ಉಳಿದವರ ಹತ್ತಿರ ಯಾರೂ ಹೋಗುವುದಿಲ್ಲ.


ಮೈಸೂರು_ಸಂಶೋಧಕ

ಎಚ್ಆರ್ ಮೇಡಂ, ಈ ಅಂಕಿ ತುಂಬ ಉಪಯೋಗದ್ದು. ಇನ್ನೊಂದು ಸೇರಿಸುತ್ತೇನೆ. ಅಮೆರಿಕದಲ್ಲಿ ಅಲ್ಪಸಂಖ್ಯಾತರನ್ನು ಎಂಬಿಎಗೆ ತರಲು 1966ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟರ್ಲಿಂಗ್ ಶೋನ್ ಒಂದು ಒಕ್ಕೂಟ ಕಟ್ಟಿದರು, ದಿ ಕನ್ಸಾರ್ಷಿಯಂ ಅಂತ ಈಗಲೂ ಇದೆ. ಒಳ್ಳೆಯ ಕೆಲಸ, ಸಾವಿರಾರು ಜನರಿಗೆ ವಿದ್ಯಾರ್ಥಿವೇತನ ಕೊಟ್ಟಿದೆ. ಆದರೆ ಶುರುವಿನಲ್ಲಿ ಅದು ಕಪ್ಪು ಗಂಡಸರಿಗೆ ಮಾತ್ರ. ಹೆಂಗಸರಿಗೆ ತೆರೆದದ್ದು ಕೆಲವು ವರ್ಷಗಳ ನಂತರ. ಒಳ್ಳೆಯ ಮನಸ್ಸಿನವರ ಯೋಜನೆಯಲ್ಲೂ ಮೊದಲು ಬಿಟ್ಟುಹೋದವರು ಇವರೇ.


ಶಿವಮೊಗ್ಗ_ಓದುಗ

ಚರ್ಚೆ ಚೆನ್ನಾಗಿದೆ. ಆದರೂ ಕೇಳುತ್ತೇನೆ, ನಮ್ಮ ಮಕ್ಕಳಿಗೆ ನಮ್ಮ ಊರಿನ ಉದಾಹರಣೆಗಳೇ ಸಾಲದೇ? ಅಷ್ಟು ದೂರದ್ದು ಯಾಕೆ?


ನ್ಯೂಜೆರ್ಸಿ_ಕನ್ನಡತಿ

ಅಷ್ಟೇನೂ ದೂರದ್ದಲ್ಲ. ನಾನು ಇಲ್ಲಿ ಕೂತು ಇದನ್ನು ಬರೆಯುತ್ತಿರುವುದೇ ಆ ಜನರ ಹೋರಾಟದಿಂದ. 1917ರಿಂದ ಅಮೆರಿಕದ ವಲಸೆ ಕಾನೂನು ನಮ್ಮಂಥವರಿಗೆ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿತ್ತು. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ 1964ರ ಕಾನೂನು ತಂದಿತು. ಅದೇ ಗಾಳಿಯಲ್ಲಿ 1965ರಲ್ಲಿ ವಲಸೆ ಕಾನೂನು ಬದಲಾಯಿತು, ದೇಶ ನೋಡಿ ಕೋಟಾ ಕೊಡುವುದು ನಿಂತಿತು. ನಮ್ಮ ಇಂಜಿನಿಯರುಗಳು, ಡಾಕ್ಟರುಗಳು ಬಂದದ್ದು ಆಮೇಲೆ. ಇಲ್ಲಿನ ಕನ್ನಡ ಕೂಟಗಳಲ್ಲಿ ಈ ಋಣದ ಮಾತು ಬರುವುದೇ ಕಮ್ಮಿ. ನನಗೆ ಅದು ನೋವಿನ ವಿಷಯ.

ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಕಥೆಯಲ್ಲೂ ನಮ್ಮವರು ಇದ್ದಾರೆ. ಪೊಲೀಸನ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಕೊಲೆಯಾದ ನಂತರ 2020ರ ಜೂನ್‌ನಲ್ಲಿ, ಜನಾಂಗೀಯತೆಯ ವಿರುದ್ಧ ನಮ್ಮ ಶಾಲೆ ಮಾಡಬೇಕಾದಷ್ಟು ಮಾಡಲಿಲ್ಲ ಅಂತ ಕಪ್ಪು ವಿದ್ಯಾರ್ಥಿಗಳ ಕ್ಷಮೆ ಕೇಳಿದ ಡೀನ್ ನಿತಿನ್ ನೊಹ್ರಿಯಾ. ಅವರ ನಂತರ 2021ರಲ್ಲಿ ಡೀನ್ ಆದವರು ಶ್ರೀಕಾಂತ್ ದಾತಾರ್. ಲಿಲಿಯನ್ ಕಟ್ಟಿದ ಸಂಘದ ಬೇಡಿಕೆ ಅರ್ಧ ಶತಮಾನದ ನಂತರ ಭಾರತದಲ್ಲಿ ಹುಟ್ಟಿದವರ ಮೇಜಿನ ಮೇಲಿತ್ತು.


ಮೈಸೂರು_ಸಂಶೋಧಕ

ಶಿವಮೊಗ್ಗದವರಿಗೆ ಇನ್ನೊಂದು ಕೊಂಡಿ. 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕಪ್ಪು ಚಿಂತಕ ಡುಬೋಯಿಸ್‌ಗೆ ಪತ್ರ ಬರೆದರು. ಅಸ್ಪೃಶ್ಯರ ಸ್ಥಿತಿ ಮತ್ತು ಅಲ್ಲಿನ ಕಪ್ಪು ಜನರ ಸ್ಥಿತಿಯಲ್ಲಿ ಬಹಳ ಹೋಲಿಕೆ ಇದೆ, ಅವರ ಬಗ್ಗೆ ಓದುವುದು ನಮಗೆ ಅಗತ್ಯ ಅಂತ ಬರೆದರು. ಡುಬೋಯಿಸ್ ಉತ್ತರವನ್ನೂ ಕೊಟ್ಟರು. ಮೇಡಂ ತರಗತಿಯಲ್ಲಿ ಕೂತಿರುವ ಹುಡುಗಿಯರಲ್ಲಿ ದಲಿತ ಹುಡುಗಿಯರೂ ಇದ್ದೇ ಇರುತ್ತಾರೆ. ಜನರಲ್ ಮೋಟರ್ಸ್ ಕೇಸ್ ಓದಿದಾಗ ಯಾರೂ ವಿವರಿಸದೆ ಅವರಿಗೆ ಅದು ಅರ್ಥವಾಗುತ್ತದೆ.


ಜೋಹಾನ್ಸ್‌ಬರ್ಗ್_ಕನ್ನಡಿಗ

ಆಫ್ರಿಕಾ ಬಿಟ್ಟು ಕಪ್ಪು ಮಹಿಳೆಯರ ಮಾತು ಮುಗಿಸಬೇಡಿ. ಇಲ್ಲಿ ದಕ್ಷಿಣ ಆಫ್ರಿಕಾದಲ್ಲಿ 1994ರಲ್ಲಿ, ವರ್ಣಭೇದ ಸರ್ಕಾರ ಹೋದ ವರ್ಷವೇ, ವೆಂಡಿ ಲುಹಾಬೆ, ಲೂಯಿಸಾ ಮೊಜೆಲಾ, ಗ್ಲೋರಿಯಾ ಸೆರೋಬೆ, ನೊಮ್ಲೆ ಕಾಂಕಾ ನಾಲ್ವರೂ ಸೇರಿ ವಿಪ್‌ಹೋಲ್ಡ್ ಎಂಬ ಹೂಡಿಕೆ ಕಂಪನಿ ಕಟ್ಟಿದರು. ಊರೂರು ಸುತ್ತಿ ಷೇರು ಅಂದರೇನು, ಲಾಭಾಂಶ ಅಂದರೇನು ಅಂತ ಸಾಮಾನ್ಯ ಹೆಂಗಸರಿಗೆ ಹೇಳಿಕೊಟ್ಟರು. ಸಾವಿರಾರು ಕಪ್ಪು ಮಹಿಳೆಯರು ಷೇರುದಾರರಾದರು. ಉಡುಪಿಯ ಸರ್ ಹೇಳಿದ ಮ್ಯಾಗಿ ವಾಕರ್ ದಾರಿಯೇ ಇದು.

ಇಲ್ಲಿ ಕಾನೂನಿನ ಬೆಂಬಲವೂ ಇದೆ. 1998ರ ಉದ್ಯೋಗ ಸಮಾನತೆ ಕಾನೂನು, 2003ರ ಕಪ್ಪು ಜನರ ಆರ್ಥಿಕ ಸಬಲೀಕರಣ ಕಾನೂನು. ಆದರೂ ಜೋಹಾನ್ಸ್‌ಬರ್ಗ್ ಷೇರುಪೇಟೆಯ ದೊಡ್ಡ ಕಂಪನಿಗಳಲ್ಲಿ ಒಂದಾದ ಬಿಡ್‌ವೆಸ್ಟ್‌ಗೆ ಕಪ್ಪು ಮಹಿಳಾ ಸಿಇಒ ಬಂದದ್ದು 2020ರಲ್ಲಿ, ಎಂಪುಮಿ ಮಡಿಸಾ. ಕಾನೂನು ಬಂದ ಮೇಲೂ ಇಷ್ಟು ವರ್ಷ ಹಿಡಿಯಿತು.


ಹುಬ್ಬಳ್ಳಿ_ಗಾರ್ಮೆಂಟ್_ಯುನಿಟ್

ಅಮೆರಿಕದಲ್ಲಿ ಈಗ ಏನು ನಡೆಯುತ್ತಿದೆ? ಕಪ್ಪು ಹೆಂಗಸರಿಗೆ ಹಣ ಕೊಡುವುದನ್ನು ಕೋರ್ಟು ನಿಲ್ಲಿಸಿತು ಅಂತ ಓದಿದೆ.


ನ್ಯೂಜೆರ್ಸಿ_ಕನ್ನಡತಿ

ಹೌದು, ಅಟ್ಲಾಂಟಾದ ಫಿಯರ್‌ಲೆಸ್ ಫಂಡ್. ಕಪ್ಪು ಮಹಿಳೆಯರು ನಡೆಸುವ ಸಣ್ಣ ಉದ್ಯಮಗಳಿಗೆ 20,000 ಡಾಲರ್ ಅನುದಾನ ಕೊಡುತ್ತಿತ್ತು. 2023ರ ಆಗಸ್ಟ್‌ನಲ್ಲಿ ಅದರ ಮೇಲೆ ಕೇಸ್ ಬಿತ್ತು. ಹಾಕಿದ್ದು ಎಡ್ವರ್ಡ್ ಬ್ಲಮ್ ಅವರ ಸಂಸ್ಥೆ, ಹಾರ್ವರ್ಡ್‌ನ ಪ್ರವೇಶ ನೀತಿಯ ವಿರುದ್ಧ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದವರು ಅವರೇ. ಬಳಸಿದ ಕಾನೂನು ಯಾವುದು ಗೊತ್ತಾ? 1866ರ ನಾಗರಿಕ ಹಕ್ಕು ಕಾನೂನು. ಗುಲಾಮಗಿರಿಯಿಂದ ಹೊರಬಂದವರು ಸ್ವತಂತ್ರವಾಗಿ ಕರಾರು ಮಾಡಿಕೊಳ್ಳಲಿ ಅಂತ ಮಾಡಿದ್ದು. 2024ರ ಜೂನ್‌ನಲ್ಲಿ ಮೇಲ್ಮನವಿ ಕೋರ್ಟ್ 2-1 ಬಹುಮತದಲ್ಲಿ ಅನುದಾನಕ್ಕೆ ತಡೆ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಆ ಯೋಜನೆ ಮುಚ್ಚಿತು. 2025ರ ಜನವರಿಯಲ್ಲಿ, ಸರ್ಕಾರಿ ಗುತ್ತಿಗೆ ಪಡೆಯುವ ಕಂಪನಿಗಳು ತಾರತಮ್ಯ ಮಾಡಬಾರದು, ಎಲ್ಲರಿಗೂ ಅವಕಾಶ ಕೊಡಲು ಕ್ರಮ ತೆಗೆದುಕೊಳ್ಳಬೇಕು ಅನ್ನುವ 1965ರ ಅಧ್ಯಕ್ಷರ ಆದೇಶವನ್ನೂ ರದ್ದು ಮಾಡಿದರು. ಇಲ್ಲಿ ಎಷ್ಟೋ ಕಂಪನಿಗಳು ಇಂಥ ಕಾರ್ಯಕ್ರಮಗಳ ಹೆಸರು ಬದಲಾಯಿಸಿವೆ, ಕೆಲವು ನಿಲ್ಲಿಸಿವೆ.

ಹುಬ್ಬಳ್ಳಿಯವರೇ, ನಿಮಗೆ ಹತ್ತಿರದ ಒಂದು ವಿಷಯ. ಐಐಎಂ ಬೆಂಗಳೂರಿನಲ್ಲಿ ಹೊಸ ಉದ್ಯಮಗಳಿಗೆ ನೆರವಾಗುವ ಕೇಂದ್ರ ಎನ್‌ಎಸ್‌ಆರ್‌ಸಿಇಎಲ್‌ನಲ್ಲಿ ಮಹಿಳಾ ಉದ್ಯಮಿಗಳ ಕಾರ್ಯಕ್ರಮ ಇದೆ, ಗೋಲ್ಡ್‌ಮನ್ ಸ್ಯಾಕ್ಸ್‌ನ 10,000 ವಿಮೆನ್ ಯೋಜನೆಯ ನೆರವು ಅದಕ್ಕೆ ಸಿಕ್ಕಿದೆ. ಅದೇ ಬ್ಯಾಂಕ್ 2021ರಲ್ಲಿ ಅಮೆರಿಕದ ಕಪ್ಪು ಮಹಿಳೆಯರಿಗಾಗಿ ಹತ್ತು ವರ್ಷಕ್ಕೆ 1,000 ಕೋಟಿ ಡಾಲರ್ ಹೂಡಿಕೆಯ ಯೋಜನೆ ಪ್ರಕಟಿಸಿತು. ಪಾಠ, ಬಂಡವಾಳ ಎರಡೂ ಒಟ್ಟಿಗೆ ಇರಬೇಕು ಅನ್ನುವ ನಿಮ್ಮ ಮಾತು ಅಲ್ಲಿಯೂ ಹೊಸದಲ್ಲ.


ದಾವಣಗೆರೆ_ಕಾಮರ್ಸ್_ಮೇಡಂ

ಎಲ್ಲರಿಗೂ ತುಂಬ ಧನ್ಯವಾದ. ಹೀಗೆ ಮಾಡೋಣ ಅಂದುಕೊಂಡಿದ್ದೇನೆ. ಮೊದಲ ತರಗತಿ ಮ್ಯಾಗಿ ವಾಕರ್, ತಿಜೋರಿಯಲ್ಲಿ 31 ಡಾಲರ್ ಇದ್ದಾಗ ನೀವಾದರೆ ಏನು ಮಾಡುತ್ತಿದ್ದಿರಿ ಅಂತ ಮಕ್ಕಳನ್ನೇ ಕೇಳುತ್ತೇನೆ. ಎರಡನೆಯದು ಲಿಲಿಯನ್ ಮತ್ತು ಬರ್ನ್ಸ್ ಜೊತೆಯಾಗಿ. ಮೂರನೆಯದು ಜನರಲ್ ಮೋಟರ್ಸ್ ಕೇಸ್. ತೀರ್ಪನ್ನು ಮುಚ್ಚಿಟ್ಟು, ವಾದ ಮಾತ್ರ ಕೊಟ್ಟು, ಐದೈದು ಜನರ ಗುಂಪು ಮಾಡಿ ಅವರೇ ತೀರ್ಪು ಬರೆಯಲಿ. ಎಚ್ಆರ್ ಮೇಡಂ, 100, 87, 54 ಅಂಕಿಯನ್ನು ಬೋರ್ಡ್ ಮೇಲೆ ಬರೆದು ಕೋರ್ಸ್ ಯಾವ ಮೆಟ್ಟಿಲಲ್ಲಿ ಇರಬೇಕು ಅಂತ ಚರ್ಚೆ ಮಾಡಿಸುತ್ತೇನೆ. ನೀವು ಹೇಳಿದ್ದು ಸರಿ, ಕಲಿಕೆಯನ್ನು ಬಿಡುವ ಮಾತೇ ಇಲ್ಲ.

ಒಂದು ಸಹಾಯ ಬೇಕು. ಇವೆಲ್ಲ ಇಂಗ್ಲಿಷ್‌ನಲ್ಲಿವೆ, ನನ್ನ ಅರ್ಧ ತರಗತಿ ಕನ್ನಡ ಮಾಧ್ಯಮದಿಂದ ಬಂದವರು. ಮೈಸೂರು ಸರ್, ಆ ಕೇಸಿನ ವಾದಗಳನ್ನು ಎರಡು ಪುಟದಲ್ಲಿ ಕನ್ನಡದಲ್ಲಿ ಬರೆದು ಕೊಡುತ್ತೀರಾ?


ಮೈಸೂರು_ಸಂಶೋಧಕ

ಖಂಡಿತ ಮೇಡಂ, ಈ ಭಾನುವಾರದೊಳಗೆ ಹಾಕುತ್ತೇನೆ. ಎರಡೂ ಕಡೆಯ ವಾದ ಬೇರೆಬೇರೆ ಪುಟದಲ್ಲಿ ಇರುತ್ತದೆ, ತೀರ್ಪು ಮೂರನೇ ಪುಟದಲ್ಲಿ. ಅದನ್ನು ಪ್ರಿಂಟ್ ಮಾಡುವಾಗ ಬಿಟ್ಟುಬಿಡಿ.


ಉಡುಪಿ_ನಿವೃತ್ತ_ಬ್ಯಾಂಕರ್

ಸೇಂಟ್ ಲ್ಯೂಕ್ ಬ್ಯಾಂಕಿನ ಕಥೆ ನಾನು ಬರೆದು ಕಳಿಸುತ್ತೇನೆ. ಠೇವಣಿ, ಸಾಲ, ವಿಲೀನ ಅಂದರೇನು ಅಂತ ಮಕ್ಕಳಿಗೆ ತಿಳಿಯುವ ಹಾಗೆ ಲೆಕ್ಕ ಹಾಕಿ ಕೊಡುತ್ತೇನೆ. ಆನ್‌ಲೈನ್‌ನಲ್ಲಿ ಒಂದು ತರಗತಿ ತೆಗೆದುಕೊಳ್ಳಲೂ ಸಿದ್ಧ. ಯಾವ ದಿನ ಅಂತ ಹೇಳಿ.